ಬೆನ್ನು ಹಾಕಿ ನಿಂತ ಎಮ್ಮೆಗಳು

ಹಿಂಡು ತಪ್ಪಿದ ಗಬ್ಬದ ಕುರಿಯೊಂದು ತೋಳಕ್ಕೆ ಹೆದರಿ ಓಡೋಡಿ ಬಂದು ಎಮ್ಮೆಗಳ ಮಂದೆಯ ನಡುವೆ ನುಗ್ಗಿತು. "ಸ್ವಲ್ಪ ಹೊತ್ತು ಜಾಗ ಕೊಡಿ ಅಕ್ಕಂದಿರಾ" ಎಂದು ಬೇಡಿಕೊಂಡಿತು. ಎಮ್ಮೆಗಳು ಒಂದೊಂದಾಗಿ ಅದಕ್ಕೆ ಬೆನ್ನು ಹಾಕಿ ನಿಂತವು.

ಕುರಿಯ ಹಿಂಡಿನಲ್ಲಿ ಬಂದವರ ಹಣೆಗೆ ಹಣೆ ತಾಗಿಸುವುದು ವಾಡಿಕೆ. ಬೆನ್ನು ಹಾಕಿದರೆ ಹೊರಟುಹೋಗು ಎಂದೇ ಅರ್ಥ. ಹತ್ತಿರದ ಪೊದೆ ಅಲುಗುತ್ತಿದ್ದರೂ ಅದು ಮಾನಕ್ಕೆ ಅಂಜಿ ಹೊರಡಲು ಸಂದು ಹುಡುಕಿತು.

"ಎಲ್ಲಿಗಮ್ಮಾ?" ಎಂದು ಮುದಿ ಎಮ್ಮೆ ಹಿಂದಿರುಗಿ ನೋಡದೆಯೇ ಕೇಳಿತು.

"ಇಷ್ಟು ಜನ ಬೇಡವೆಂದ ಮೇಲೂ ನಿಲ್ಲುವಷ್ಟು ನಾಚಿಕೆಗೆಟ್ಟವಳಲ್ಲ ನಾನು."

"ಬೇಡವೆಂದು ಯಾರು ಹೇಳಿದರು? ನಾವು ಮುಖ ಕೊಟ್ಟು ನಿಲ್ಲುವುದು ತೋಳದ ಮುಂದೆ ಮಾತ್ರ. ನಮ್ಮ ಬೆನ್ನ ಹಿಂದೆ ಇರುವುದು ನಮ್ಮ ಕರುಗಳು, ಈಗ ನೀನು. ನಿನ್ನ ಹಣೆ ಮುಟ್ಟಲು ನಾವೆಲ್ಲ ಇತ್ತ ಹೊರಳಿದರೆ ಅತ್ತ ನೋಡುವವರು ಯಾರು?"

ಕುರಿ ಸುತ್ತ ನೋಡಿತು. ಎತ್ತ ನೋಡಿದರೂ ಕೆಸರು ಮೆತ್ತಿದ ಬಾಲಗಳು, ಅವುಗಳಾಚೆ ಕೊಂಬುಗಳು. ಪೊದೆ ಅಲುಗುವುದು ನಿಂತಿತು. ತೋಳ ಬಂದ ದಾರಿಯಲ್ಲೇ ಸರಿದುಹೋಗಿತ್ತು. ಕುರಿ ಕರುಗಳ ನಡುವೆ ಕಾಲು ಮಡಿಸಿ ಮಲಗಿ, ನಿಧಾನವಾಗಿ ಮೆಲುಕು ಹಾಕತೊಡಗಿತು.