ದೋಣಿ ತುಂಬದೆ ಮುದ್ದೆಯಿಲ್ಲ

ಒಂದೂರಲ್ಲಿ ಒಂದು ಕೆರೆ. ಕೆರೆ ದಡದಲ್ಲಿ ಒಂದು ಗುಡಿಸಲು. ಗುಡಿಸಲಲ್ಲಿ ಮೀನು ಹಿಡಿಯುವ ನಂಜವ್ವ. ನಂಜವ್ವನಿಗೆ ಒಬ್ಬನೇ ಮಗ, ಚೌಡ. ಮೈಯಲ್ಲಿ ಜೋಡೆತ್ತಿನ ಬಲ. ತಲೆಯಲ್ಲಿ ಏನಿತ್ತು ಅನ್ನುವುದನ್ನು ನೀವೇ ಕೇಳಿ.

ಆ ವರ್ಷ ಕೆರೆಗೆ ಅಂತರಗಂಗೆ ಕಳೆ ಬಂತು. ದಡದಿಂದ ದಡಕ್ಕೆ ಹಸಿರು ಕಂಬಳಿ ಹೊದಿಸಿದ ಹಾಗೆ ಬಂತು. ಬಲೆ ಬೀಸಿದರೆ ಮುಳುಗದೆ ಎಲೆಯ ಮೇಲೇ ಕೂತುಬಿಡುತ್ತಿತ್ತು. ಊರ ಯಜಮಾನ ಕರಿಗೌಡ ಹೇಳಿದ: "ನೋಡು ನಂಜವ್ವ, ಪದ್ಧತಿ ನಿನಗೂ ಗೊತ್ತು. ಮುಂದಿನ ತಿಂಗಳ ಹುಣ್ಣಿಮೆ ಬೆಳಗ್ಗೆ ದಡದಲ್ಲಿ ಬಗ್ಗಿ ನೋಡ್ತೀನಿ. ನೀರಲ್ಲಿ ನನ್ನ ಮುಖ ಕಂಡರೆ ಕೆರೆ ಮೀನು ನಿನ್ನದು. ಕಾಣದಿದ್ದರೆ ಆಚೆ ಊರಿನವರದು."

ಕೆರೆ ಹೋದರೆ ಹೊಟ್ಟೆಗೇನು? ನಂಜವ್ವ ಮಗನ ಕೈಗೆ ಕುಡುಗೋಲು ಕೊಟ್ಟಳು. "ಹೋಗೋ ಚೌಡ, ದೋಣೀಲಿ ಹೋಗಿ ಕಳೆ ಕತ್ತರಿಸು."

ಚೌಡ ಹೋದ. ಕತ್ತರಿಸಿದ. ಒಂದನ್ನು ಎರಡು ಮಾಡಿದ, ಎರಡನ್ನು ನಾಲ್ಕು ಮಾಡಿದ, ಎಲ್ಲವನ್ನೂ ಅಲ್ಲೇ ನೀರಲ್ಲಿ ಬಿಟ್ಟು ಮನೆಗೆ ಬಂದ. ವಾರ ಕಳೆಯುವುದರೊಳಗೆ ತುಂಡು ತುಂಡೂ ಬೇರು ಬಿಟ್ಟು ಚಿಗುರಿತು!

"ಅಯ್ಯೋ ಪೆದ್ದೇ! ಕಳೆ ತೆಗೆಯೋ ಅಂದರೆ ಬಿತ್ತಿ ಬಂದೆಯಲ್ಲೋ! ನೀರಲ್ಲಿ ಏನೂ ಬಿಡಬಾರದು, ಎಲ್ಲಾ ಎತ್ತಿ ದೋಣಿಗೆ ಹಾಕಬೇಕು!"

"ಆಗಲಿ ಅವ್ವ."

ಚೌಡ ಹೋದ. ಕಳೆ ಎತ್ತಿ ಹಾಕಿದ. ತೇಲುತ್ತಿದ್ದ ಬಿಂದಿಗೆ ಎತ್ತಿ ಹಾಕಿದ. ಒಗೆಯಲು ನೆನೆಸಿಟ್ಟ ಸೀರೆ ಎತ್ತಿ ಹಾಕಿದ. ಮೆಟ್ಟಿಲ ಹತ್ತಿರ ಕರಿಗೌಡ ಸ್ನಾನ ಮಾಡುತ್ತಿದ್ದ. ಕಂಕುಳಿಗೆ ಕೈ ಹಾಕಿ ಅವನನ್ನೂ ಎತ್ತಿದ.

"ಲೋ ಲೋ! ನಾನು ಕಳೆ ಅಲ್ಲ ಕಣೋ!"

"ನೀರಲ್ಲಿದ್ದೀರಲ್ಲ ಯಜಮಾನ್ರೇ!"

ಕಳೆಯ ಭಾರ, ಗೌಡನ ಭಾರ. ದೋಣಿ ಗುಳುಂ ಅಂತ ಮುಳುಗಿತು.

ನಂಜವ್ವ ಮಗನ ಕಿವಿ ಹಿಡಿದು ಬಡಗಿ ಸೋಮಾಚಾರಿಯ ಮುಂದೆ ನಿಲ್ಲಿಸಿದಳು. "ನೀವಾದರೂ ಬುದ್ಧಿ ಹೇಳಿ ಆಚಾರ್ರೇ."

"ಕಳೆ ಅಂದರೆ ಮುಕ್ಕಾಲು ನೀರು ಕಣಪ್ಪ," ಅಂದ ಸೋಮಾಚಾರಿ. "ಆ ನೀರು ಸೋರಿಹೋಗಬೇಕು. ಕಳೆ ಹಾಕೋ ಜಾಗದ ತಳದಲ್ಲಿ ತೂತು ಇರಬೇಕು."

"ಆಗಲಿ ಆಚಾರ್ರೇ."

ಚೌಡ ಮುಳುಗಿದ್ದ ದೋಣಿ ಎಳೆದು ತಂದ. ಆಚಾರಿಯ ಬೈರಿಗೆ ಕೇಳಿ ತಂದ. ಕಳೆ ಹಾಕುವ ಜಾಗ ದೋಣಿಯಲ್ಲವೇ? ದೋಣಿಯ ತಳಕ್ಕೇ ಹನ್ನೆರಡು ತೂತು ಕೊರೆದ! ಒದ್ದೆ ಮುದ್ದೆಯಾಗಿ ಮನೆಗೆ ಬಂದು ಹೇಳಿದ: "ಅವ್ವ, ನೀರು ಇಳಿಯಲೇ ಇಲ್ಲ. ಮೇಲಕ್ಕೆ ಹತ್ತಿತು!"

ಸೋಮಾಚಾರಿ ತಲೆ ತಲೆ ಚಚ್ಚಿಕೊಂಡ. ಆಮೇಲೆ ಆ ಹನ್ನೆರಡು ತೂತು ನೋಡುತ್ತಾ ಬಹಳ ಹೊತ್ತು ಕೂತ. "ನಂಜವ್ವ, ತೂತು ತಪ್ಪಲ್ಲ, ತೂತಿನ ಜಾಗ ತಪ್ಪು. ನಾನೇ ಮಾಡಿಕೊಡ್ತೀನಿ ತಾಳು."

ತೂತು ಮುಚ್ಚಿದ. ಇನ್ನೊಂದು ದೋಣಿ ತಂದು ಜೋಡಿ ಮಾಡಿದ. ಎರಡರ ನಡುವೆ ಬಿದಿರಿನ ತಡಿಕೆ ಹೆಣೆದ. ಮುಂದೆ ನೀರಿಗೆ ಇಳಿಯುವ ಹಾಗೆ ಕಬ್ಬಿಣದ ಹಲ್ಲಿನ ದೊಡ್ಡ ಬಾಚಣಿಗೆ ಕಟ್ಟಿದ. ಹುಟ್ಟು ಹಾಕಿದರೆ ಸಾಕು, ಬಾಚಣಿಗೆ ಕಳೆ ಎತ್ತುತ್ತದೆ, ತಡಿಕೆಯ ಸಂದಿಯಲ್ಲಿ ನೀರು ಇಳಿಯುತ್ತದೆ, ದೋಣಿಗಳು ತೇಲುತ್ತವೆ. ಕೊನೆಗೆ ಬೆರಳು ತೋರಿಸಿ ಅಂದ: "ಇದನ್ನೂ ಮುಳುಗಿಸಿದೆಯೋ ನೋಡು! ಭಾರ ಹಾಕಬೇಡ!"

"ಆಗಲಿ ಆಚಾರ್ರೇ."

ಚೌಡ ಹೋದ. ಬಾಚಣಿಗೆ ಮೇಲೆತ್ತಿಟ್ಟು ಇಡೀ ದಿನ ಹುಟ್ಟು ಹಾಕಿದ. ಸಂಜೆಗೆ ತಂದದ್ದು ಒಂದು ಎಲೆ.

ನಂಜವ್ವನಿಗೆ ಅಳು ಬಂತು, ಸಿಟ್ಟೂ ಬಂತು. "ಹುಣ್ಣಿಮೆಗೆ ಹದಿನೈದೇ ದಿನ ಕಣೋ! ಕೇಳು. ದಿನಾ ದೋಣಿ ತುಂಬಾ ಕಳೆ ಇರಬೇಕು. ದೋಣಿ ತುಂಬದೆ ಮುದ್ದೆಯಿಲ್ಲ!"

ಈ ಮಾತು ಚೌಡನಿಗೆ ನೆಟ್ಟಗೆ ನಾಟಿತು. ಬಾಚಿದ, ತುಂಬಿದ, ದಡಕ್ಕೆ ಸುರಿದ, ಉಂಡ. ಹನ್ನೆರಡು ದಿನದಲ್ಲಿ ದಡದ ಮೇಲೆ ಹಸಿರು ಗುಡ್ಡ ಎದ್ದಿತು. ಕೆರೆಯಲ್ಲಿ ಆಕಾಶ ಕಂಡಿತು. ನಂಜವ್ವ ಮಗನ ಕೆನ್ನೆ ಸವರಿದಳು. ಗಡಿಗೆಯಲ್ಲಿ ಮುದ್ದೆ ಇಟ್ಟು, ಹೊಸ ಬಲೆ ತರಲು ಅಣ್ಣನ ಊರಿಗೆ ಹೋದಳು.

ಹುಣ್ಣಿಮೆ ಬೆಳಗ್ಗೆ ಬಲೆ ಹೊತ್ತುಕೊಂಡು ಬಂದಳು. ಕರಿಗೌಡನೂ ಬಂದ, ಆಚೆ ಊರಿನವರೂ ಬಂದರು. ಗೌಡ ದಡದಲ್ಲಿ ಬಗ್ಗಿ ನೋಡಿದ.

ಎಲೆ. ಎಲೆಯ ಪಕ್ಕ ಎಲೆ. ದಡದಿಂದ ದಡಕ್ಕೆ ಎಲೆ!

"ನನ್ನ ಮುಖ ಎಲ್ಲಿ ನಂಜವ್ವ?"

"ಅಡಿಯಲ್ಲಿದೆ ಯಜಮಾನ್ರೇ! ಈಗ ಬಾಚಿ ತೆಗೀತೀನಿ!" ಕೆರೆ ನಡುವಿನಿಂದ ಚೌಡ ಕೂಗಿದ. "ಅವ್ವ, ಕೆರೆಯಲ್ಲಿ ಕಳೆಯೇ ಮುಗಿದುಹೋಗಿತ್ತು. ಎರಡು ದಿನ ನಾನು ಗಡಿಗೆ ಮುಟ್ಟಲಿಲ್ಲ. ಆಮೇಲೆ ದಡದ ರಾಶಿಯನ್ನೆಲ್ಲಾ ನೀರಿಗೆ ತಳ್ಳಿದೆ. ಈಗ ನೋಡು, ದೋಣಿ ತುಂಬಾ ಕಳೆ! ಮುದ್ದೆ ಕೊಡು!"

ನಂಜವ್ವ ಕೂತೇಬಿಟ್ಟಳು. ಆಚೆ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿಗೌಡನೂ ನಕ್ಕ, ನಕ್ಕು ಕಣ್ಣೊರೆಸಿಕೊಂಡ. "ಎರಡು ದಿನ ಉಪವಾಸ ಇದ್ದನೇನೇ ಇವನು? ಹೋಗಲಿ, ಇನ್ನು ಮೂರು ದಿನ ಬಿಟ್ಟು ಬಂದು ಬಗ್ಗಿ ನೋಡ್ತೀನಿ. ಮೊದಲು ಹುಡುಗನಿಗೆ ಉಣ್ಣಕ್ಕೆ ಕೊಡು."

ನಂಜವ್ವ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಹೇಳಿದರೆ ಹಾಗೇ ಮಾಡಿಬಿಟ್ಟಾನು ಅನ್ನುವ ಹೆದರಿಕೆ. "ಉಣ್ಣು" ಅಂದಳು, ಅಷ್ಟೇ. ಅಂದವಳು ಸೋಮಾಚಾರಿಯನ್ನು ಕರೆದುಕೊಂಡು ತಾನೇ ದೋಣಿ ಹತ್ತಿದಳು. ಮೂರು ದಿನದಲ್ಲಿ ಕೆರೆ ತೆರೆಯಿತು, ಗೌಡನ ಮುಖ ಮೀಸೆಸಮೇತ ಕಂಡಿತು, ಕೆರೆ ಮೀನು ನಂಜವ್ವನಿಗೇ ಉಳಿಯಿತು.

ಆದರೆ ಅವಸರದಲ್ಲಿ ಒಂದು ಮಾತು ಮರೆತಿದ್ದಳು. "ಸಾಕು" ಅಂದಿರಲಿಲ್ಲ.

ಚೌಡ ಇನ್ನೂ ಉಣ್ಣುತ್ತಿದ್ದಾನೆ.