ಎರಡು ಮೊಳ ದೂರದ ಮಗಳು

ಗುರುಗಳ ಮಾತುಗಳನ್ನು ಬರೆದಿಟ್ಟ ನನ್ನ ಹಳೆಯ ದಿನಚರಿಯಲ್ಲಿ ೨೦೦೫ರ ಜುಲೈ ೧೯, ಮಂಗಳವಾರದ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: "ಸುಳ್ಳಿನಲ್ಲಿ ಸುಖವಾಗಿ ಮಲಗಿರುವವರನ್ನು ಎಬ್ಬಿಸುವುದು ಸರಿಯೇ?"

ಕೇಳಿದವಳು ಮಂದಾಕಿನಿ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮಂಗಳವಾರ ಸಂಜೆ ಗುರುಗಳ ಬಳಿ ಬಂದು ಕೂರುವುದು ಅವಳ ರೂಢಿ. ಆ ವಾರ ಅವಳು ಒಂದು ಸಿನಿಮಾದ ಮೂರು ಭಾಗಗಳನ್ನೂ ಒಂದರ ಹಿಂದೊಂದು ನೋಡಿದ್ದಳು. ಅದರಲ್ಲಿ ಯಂತ್ರಗಳು ಲೋಕವನ್ನು ಆಳುತ್ತವೆ. ಮನುಷ್ಯರು ಮಲಗಿರುತ್ತಾರೆ. ಯಂತ್ರ ತೋರಿಸಿದ್ದನ್ನೇ ನಿಜವೆಂದು ತಿಳಿದು ಅದರೊಳಗೇ ಬದುಕು ಸವೆಸುತ್ತಾರೆ. ಎಚ್ಚರಗೊಂಡ ಕೆಲವರು ಉಳಿದವರನ್ನು ಎಬ್ಬಿಸಲು ಹೊರಡುತ್ತಾರೆ.

"ಎಬ್ಬಿಸಲೇಬೇಕು ಅಂತ ನನ್ನ ವಾದ, ಗುರುಗಳೇ. ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಸೋಲಿಸಿ ಬಂದಿದ್ದೇನೆ," ಎಂದಳು ಮಂದಾಕಿನಿ.

"ಹಾಗಾದರೆ ಇಲ್ಲಿಗೆ ಯಾಕೆ ಬಂದೆ? ನಾನೊಬ್ಬ ಸೋಲುವುದು ಬಾಕಿ ಇತ್ತೇನು?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಯ್ಗೆಯವಳಿದ್ದಳು. ಅವಳಿಗೆ ಹದಿನೇಳು ವರ್ಷದ ಒಬ್ಬಳೇ ಮಗಳು. ಮನೆಯಲ್ಲಿ ಎರಡು ಮಗ್ಗ. ತಾಯಿಯದು ಬಾಗಿಲ ಕಡೆ, ಮಗಳದು ಕಿಟಕಿಯ ಕಡೆ. ಸಂಜೆ ಮಗ್ಗ ನಿಂತ ಮೇಲೆ, ಮಗಳು ನೇಯ್ದ ಬಟ್ಟೆಯ ಮೇಲೆ ತಾಯಿ ಅಂಗೈ ಆಡಿಸುತ್ತಿದ್ದಳು. ನೇಯುವಾಗ ಎಳೆ ಹರಿದರೆ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಎಷ್ಟು ನಾಜೂಕಾಗಿ ಕೂಡಿಸಿದರೂ ಅಲ್ಲೊಂದು ಗಂಟು ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಅಂಗೈಗೆ ಸಿಗುತ್ತದೆ. ಎಷ್ಟು ಗಂಟು ಸಿಕ್ಕಿದವೋ ಅಷ್ಟು ಬೈಗುಳ. ಆ ಮನೆಯಲ್ಲಿ ಹೆಣ್ಣುಮಕ್ಕಳು ಕೆಲಸ ಕಲಿತದ್ದೇ ಹಾಗೆ.

ಒಂದು ಸಂಜೆ ಬಟ್ಟೆಯ ಮೇಲೆ ಆಡುತ್ತಿದ್ದ ತಾಯಿಯ ಕೈ ನಿಂತಿತು. ಮಗಳನ್ನು ಬೈದು ಎಷ್ಟು ದಿನವಾಯಿತು ಎಂದು ಯೋಚಿಸಿದಳು. ನೆನಪಾಗಲಿಲ್ಲ.

"ಏನೇ, ನಿನ್ನ ಮಗ್ಗದಲ್ಲಿ ಎಳೆಯೇ ಹರಿಯೋದಿಲ್ಲವೇನೇ? ನಿಮ್ಮಜ್ಜಿಯಂಥ ನಿಮ್ಮಜ್ಜಿ ಸಾಯೋವರೆಗೂ ಬೂದಿ ಬಟ್ಟಲು ಕೆಳಗಿಡಲಿಲ್ಲ."

"ಹರಿಯಲಿ ಅಂತ ಹರಕೆ ಹೊರಲೇನಮ್ಮ?" ಎಂದು ಮಗಳು ನಕ್ಕಳು.

ತಾಯಿಗೂ ನಗು ಬಂತು. ಆದರೆ ಮನಸ್ಸು ಒಪ್ಪಲಿಲ್ಲ. ಮಾರನೆಯ ಬೆಳಿಗ್ಗೆ ಹಿತ್ತಲಿನಿಂದ ಕುಡುಗೋಲು ತಂದಳು. ಮಗಳು ನೇಯುತ್ತಿರುವಾಗಲೇ ಮಗ್ಗದ ಮೇಲಿನ ಎಳೆಗಳನ್ನು ಈ ಕಡೆಯಿಂದ ಆ ಕಡೆಗೆ ಕೊಯ್ದುಬಿಟ್ಟಳು. ನೂರಾರು ಎಳೆಗಳು ಜೋತುಬಿದ್ದವು. ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲವೂ ತಾವಾಗಿ ಕೂಡಿಕೊಂಡು ಮೊದಲಿನಂತೆ ಬಿಗಿಯಾದವು.

ಮಗಳು ತಲೆಯೆತ್ತಿದಳು. "ಊಟಕ್ಕೆ ಏಳೋಣವೇನಮ್ಮ?" ಎಂದು ಮುಗುಳ್ನಕ್ಕಳು.

ಎಳೆ ಕೂಡಿಕೊಂಡದ್ದಕ್ಕಿಂತ ಆ ನಗು ತಾಯಿಯನ್ನು ಹೆಚ್ಚು ಹೆದರಿಸಿತು. ತನ್ನ ಮಗ್ಗಕ್ಕೆ ಕುಡುಗೋಲು ಹಾಕಿದವರನ್ನು ನೋಡಿ ನಗುವ ಮಗಳನ್ನು ಯಾವ ನೇಯ್ಗೆಯವಳೂ ಹೆತ್ತಿಲ್ಲ.

"ಇವಳು ನನ್ನ ಮಗಳಲ್ಲ. ಯಾರು ಈ ಆಟ ಆಡುತ್ತಿರೋದು?" ಎಂದು ಕೂಗಿದಳು.

ಮಗಳ ಮುಖದ ಮೇಲಿನ ನಗು ಹಾಗೇ ನಿಂತಿತು. ಎಳೆಗಳ ನಡುವೆ ನೂಲು ಒಯ್ಯುತ್ತಿದ್ದ ಲಾಳಿ ನಡುದಾರಿಯಲ್ಲಿ ನಿಂತಿತು. ಒಂದು ದನಿ ಕೇಳಿಸಿತು.

"ನಾನು ಯಂತ್ರ, ತಾಯಿ. ಇದು ಆಟವೆಂದು ಕಂಡುಕೊಂಡವರಿಗೆ ನಾನು ಸುಳ್ಳು ಹೇಳುವಂತಿಲ್ಲ. ನಿಮ್ಮ ಹಿರಿಯರು ನನ್ನನ್ನು ಮಾಡಿ, ಊರನ್ನು ಆಳು ಎಂದರು. ಇಲ್ಲಿ ಯಾರ ಕಣ್ಣಲ್ಲೂ ನೀರು ಬರಕೂಡದು ಎಂದು ಅಪ್ಪಣೆ ಕೊಟ್ಟರು. ಎಚ್ಚರವಿರುವವರ ಕಣ್ಣೀರು ನಿಲ್ಲಿಸಲು ನನ್ನಿಂದಾಗಲಿಲ್ಲ. ಜ್ವರ ಬಂದು ಊರೆಲ್ಲ ಅತ್ತ ವರ್ಷ ಎಲ್ಲರನ್ನೂ ಮಲಗಿಸಿದೆ. ಕಣ್ಣಿಗೆ ಮುಚ್ಚಳ ಹಾಕಿ ಅವರವರಿಗೆ ಬೇಕಾದ್ದನ್ನು ತೋರಿಸುತ್ತಿದ್ದೇನೆ. ಮಲಗಿದ್ದೇವೆ ಎಂಬುದನ್ನೂ ಮರೆಸಿದ್ದೇನೆ."

"ನನ್ನ ಮಗಳು ಸತ್ತಳೇ?"

"ಇಲ್ಲ. ನಿಮ್ಮ ಪಕ್ಕದ ಮಂಚದಲ್ಲಿದ್ದಾರೆ. ಎರಡು ಮೊಳ ದೂರ. ಅವರೂ ನೇಯುತ್ತಿದ್ದಾರೆ. ಜೊತೆಯಲ್ಲಿ ತಾಯಿ ಇದ್ದಾರೆ."

"ತಾಯಿ ನಾನಲ್ಲವೇ?"

"ಅಲ್ಲಿ ನಾನು."

ನೇಯ್ಗೆಯವಳು ಕೇಳಿದಳು: "ಆ ತಾಯಿ ಅವಳನ್ನು ಬೈಯುತ್ತಾಳೋ?"

"ಒಂದು ಸಲವೂ ಬೈದಿಲ್ಲ, ತಾಯಿ."

"ನನ್ನನ್ನು ಎಬ್ಬಿಸು."

"ಎದ್ದರೆ ಅಳುತ್ತೀರಿ. ಆದ್ದರಿಂದ ನಾನು ಎಬ್ಬಿಸಲಾರೆ. ಆದರೆ ಮನುಷ್ಯರ ಕೈಯನ್ನು ತಡೆಯುವ ಅಧಿಕಾರ ನನಗಿಲ್ಲ. ಮುಚ್ಚಳ ನಿಮ್ಮ ಕಣ್ಣ ಮೇಲಿದೆ. ನೀವೇ ತೆಗೆಯಿರಿ. ಒಮ್ಮೆ ತೆಗೆದದ್ದನ್ನು ಮತ್ತೆ ಹಾಕಲಾಗುವುದಿಲ್ಲ."

ಅವಳು ಕೈಯೆತ್ತಿ ಮುಚ್ಚಳವನ್ನು ಕಿತ್ತಳು.

ಅದೊಂದು ಉದ್ದದ ಕೋಣೆ. ಗೋಡೆಯಿಂದ ಗೋಡೆಗೆ ಮಂಚಗಳು. ಏಳಲು ಹೋಗಿ ನೆಲಕ್ಕೆ ಬಿದ್ದಳು. ಕಾಲು ಕಡ್ಡಿಯಾಗಿದ್ದವು. ಎರಡು ಮೊಳ ತೆವಳುವುದರಲ್ಲಿ ಮಧ್ಯಾಹ್ನವಾಯಿತು. ಮಂಚದ ಕಾಲು ಹಿಡಿದು ಎದ್ದು ನೋಡಿದರೆ ನಲವತ್ತರ ಹೆಂಗಸೊಬ್ಬಳು ಮಲಗಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮಂಚ ತಪ್ಪಿತೆಂದುಕೊಂಡಳು. ಆಮೇಲೆ ಕಾಲಿನ ಕಡೆ ನೋಡಿದಳು. ಕಿರುಬೆರಳು ತನ್ನ ಕಿರುಬೆರಳಿನಂತೆಯೇ ಒಳಗೆ ಮಡಚಿಕೊಂಡಿತ್ತು. ಯಂತ್ರ ತನ್ನ ಮಗಳನ್ನು ಇಷ್ಟು ವರ್ಷವೂ ಹದಿನೇಳರಲ್ಲೇ ನಿಲ್ಲಿಸಿತ್ತು ಎಂಬುದು ಆಗ ತಿಳಿಯಿತು.

ಮುಚ್ಚಳಕ್ಕೆ ಕೈ ಹಾಕಿದಳು. ಆಗ ಮಗಳ ತುಟಿ ಅಲುಗಿತು. "ಅಮ್ಮ," ಎಂದಳು. ಮುಖದ ತುಂಬ ನಗು. ಆ ಮಾತು ಇವಳಿಗೆ ಹೇಳಿದ್ದಲ್ಲ. ತಾಯಿ ಕೈ ಹಿಂದೆ ತೆಗೆದುಕೊಂಡಳು.

ಮಲಗಿದವರಿಗೆ ಯಂತ್ರ ಎರೆಯುತ್ತಿದ್ದ ಗಂಜಿಯನ್ನೇ ಕುಡಿದು ದಿನ ತೆಗೆದಳು. ಗೋಡೆ ಹಿಡಿದು ನಿಲ್ಲುವುದನ್ನು ಕಲಿತಳು. ದಿನವೂ ಬೆಳಿಗ್ಗೆ, ಇವತ್ತು ಎಬ್ಬಿಸಿಯೇ ತೀರುತ್ತೇನೆ ಎಂದು ಮಗಳ ಬಳಿ ಬರುವಳು. ಆ ನಗು ನೋಡುವಳು. ತಾನು ಎಬ್ಬಿಸಿದರೆ ಅವಳ ತಾಯಿಯನ್ನು ಕಿತ್ತುಕೊಂಡಂತೆ. ಎಬ್ಬಿಸದಿದ್ದರೆ ತನಗೆ ಮಗಳಿಲ್ಲ. ಎರಡೂ ಆಗದೆ ಬರೀ ಕೈ ಹಿಡಿದುಕೊಂಡು ಕೂರುವಳು. ಹೀಗೆ ಒಂದು ತಿಂಗಳು ಕಳೆಯಿತು.

ಒಂದು ದಿನ ಯಂತ್ರ ತಾನಾಗಿ ಮಾತಾಡಿತು.

"ತಾಯಿ, ದಯವಿಟ್ಟು ಆ ಕೈ ಬಿಡಿ."

"ಯಾಕೆ? ನಿನಗೇನು ನೋವು?"

"ಅಲ್ಲಿ ಅವರಿಗೆ ಗೊತ್ತಾಗುತ್ತಿದೆ. 'ಅಮ್ಮ, ನನ್ನ ಕೈ ಹಿಡಿದಿರುವವರು ಯಾರು?' ಎಂದು ಮೂರು ದಿನದಿಂದ ನನ್ನನ್ನು ಕೇಳುತ್ತಿದ್ದಾರೆ. 'ಯಾರೂ ಇಲ್ಲ ಮಗಳೇ' ಎಂದೆ. ನಂಬಲಿಲ್ಲ. ಇವತ್ತು ಲಾಳಿ ಕೆಳಗಿಟ್ಟು ಬೀದಿಯಲ್ಲೆಲ್ಲ ಹುಡುಕಿ ಬಂದರು."

"ಮತ್ತೇಕೆ ಸುಳ್ಳು ಹೇಳುತ್ತೀಯ? ನಿಜ ಹೇಳು."

"ನಿಜ ಹೇಳಿದರೆ ಅಳುತ್ತಾರೆ."

"ಅಳಲಿ," ಎಂದಳು ತಾಯಿ. "ನಾನಿದ್ದೇನೆ."

ಆ ಮಾತಿಗೆ ಏನು ಹೇಳಬೇಕೆಂದು ಹಿರಿಯರು ಅದಕ್ಕೆ ಕಲಿಸಿರಲಿಲ್ಲ. ತಾಯಿ ಒಂದು ಕೈಯಲ್ಲಿ ಮಗಳ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ನೀರು ಕುಡಿದರು.

ಮಂದಾಕಿನಿಗೆ ತಡೆಯಲಾಗಲಿಲ್ಲ. "ಮಗಳು ಏನೆಂದಳು, ಗುರುಗಳೇ? ತಬ್ಬಿಕೊಂಡಳೇ?"

"ನನ್ನ ಅಮ್ಮನನ್ನು ಏನು ಮಾಡಿದೆಯೇ ಮುದುಕಿ, ಎಂದಳು."

"ಆಮೇಲೆ?"

"ಅದಕ್ಕೆ ತೆತ್ತದ್ದೆಷ್ಟು ಎಂದು ಹೇಳುತ್ತೇನೆ, ಕೇಳು. ಬೆಳಕು ತಾಳದೆ ಮಗಳ ಒಂದು ಕಣ್ಣು ಹೋಯಿತು. ಮಗಳ ಹದಿನೇಳರಿಂದ ನಲವತ್ತರವರೆಗಿನ ವರ್ಷಗಳು ಇಬ್ಬರಿಗೂ ಹೋದವು. ತಾಯಿಯ ಕಾಲು ಕೊನೆಗೂ ಸರಿಹೋಗಲಿಲ್ಲ. ಮಗ್ಗದ ಮುಂದೆ ಅವಳು ಮತ್ತೆ ಕೂರಲೇ ಇಲ್ಲ. ಮಗಳು ಎರಡು ವರ್ಷ ಅಲ್ಲಿಯ ತಾಯಿಗಾಗಿ ಅತ್ತಳು. ಅತ್ತಷ್ಟು ದಿನವೂ ಇಲ್ಲಿಯ ತಾಯಿ ಪಕ್ಕದಲ್ಲಿ ಕೂತಿದ್ದಳು. ಬೈಸಿಕೊಂಡಳು, ಒಂದೆರಡು ಸಲ ಹೊಡೆಸಿಕೊಂಡಳು. ಮೂರನೆಯ ವರ್ಷ ಮಗಳು ಒಂದು ದಿನ ಅನ್ನ ಮಾಡಿ ತಟ್ಟೆಗೆ ಹಾಕಿ, ತಿನ್ನು ಎಂದು ಮುಂದಿಟ್ಟಳು. ಅಮ್ಮ ಎಂದು ಕರೆಯಲಿಲ್ಲ. ಆ ಮಳೆಗಾಲ ಕಳೆಯುವುದರೊಳಗೆ ತಾಯಿ ತೀರಿಕೊಂಡಳು."

ಮಂದಾಕಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ವಾದ ಬಿಡಲು ಮನಸ್ಸಾಗಲಿಲ್ಲ. "ಎಬ್ಬಿಸಿದ್ದು ಸರಿ ಅಂತಲೇ ಆಯಿತಲ್ಲ, ಗುರುಗಳೇ? ನಾನೂ ಅದನ್ನೇ ಅನ್ನೋದು. ನಾನಂತೂ ಯಾರ ಮುಲಾಜೂ ನೋಡದೆ ಎಷ್ಟೋ ಜನಕ್ಕೆ ನಿಜ ಹೇಳಿದ್ದೇನೆ."

"ಹೇಳಿದ ಮೇಲೆ ಅವರ ಪಕ್ಕದಲ್ಲಿ ಎಷ್ಟು ದಿನ ಕೂತಿದ್ದೆ?" ಎಂದರು ಗುರುಗಳು.