ನುಣ್ಣನೆ ಬಂಡೆಗೆ ಕೆಂಪು ಗೆರೆ

ಒಂದು ಕಾಡಿನ ನಟ್ಟನಡುವೆ ಹೊಳೆಯೊಂದು ಹರಿಯುತ್ತಿತ್ತು. ಪ್ರಾಣಿಗಳ ಮನೆಗಳೆಲ್ಲ ಈಚೆ ದಡದಲ್ಲಿ. ಒಳ್ಳೆಯ ಹುಲ್ಲು, ನೇರಳೆ ಹಣ್ಣು, ಕೊಬ್ಬಿದ ಏಡಿಗಳೆಲ್ಲ ಆಚೆ ದಡದಲ್ಲಿ. ಹೀಗಾಗಿ ದಿನಾ ಹೊಳೆ ದಾಟದೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ನೀರಿನ ಆಳ ತಿಳಿಯದೆ ಇಳಿದ ಜಿಂಕೆ ಚುಕ್ಕವ್ವನ ಮರಿ ಕೊಚ್ಚಿಹೋಗಿತ್ತು. ಅಂದಿನಿಂದ ಅವಳು ನೀರು ಕಂಡರೆ ನಡುಗುತ್ತಿದ್ದಳು. ಈ ವರ್ಷ ಅವಳಿಗೆ ಮತ್ತೊಂದು ಮರಿಯಾಗಿತ್ತು.

ಹುಲಿರಾಜ ಸಭೆ ಕರೆದ. "ಹೊಳೆಯ ನಡುವೆ ಒಂದು ಕರಿಬಂಡೆ ಇದೆಯಲ್ಲ, ಅದಕ್ಕೆ ಜಿಂಕೆಯ ಹೊಟ್ಟೆಯ ಮಟ್ಟದಲ್ಲಿ ಕೆಂಪು ಗೆರೆ ಎಳೆಸೋಣ. ಗೆರೆ ಕಂಡರೆ ದಾಟಬಹುದು. ಕಾಣದಿದ್ದರೆ ದಾಟಕೂಡದು. ಇದು ಅಪ್ಪಣೆ. ಕೆಲಸ ಯಾರು ಮಾಡುತ್ತೀರಿ?"

ಮುಳ್ಳುಹಂದಿ ಎದ್ದು ನಿಂತಳು. ಎಲ್ಲರೂ ಅವಳನ್ನು ಮುಳ್ಳಕ್ಕ ಎನ್ನುತ್ತಿದ್ದರು. ಮಾತು ಕಡಿಮೆ, ಅದೂ ಒರಟು. "ನಾನು ಮಾಡ್ತೀನಿ, ದೊರೆ. ಎಂಟು ದಿನ ಬೇಕು."

"ಒಂದು ಗೆರೆಗೆ ಎಂಟು ದಿನವೇ?"

"ಆ ಬಂಡೆ ನೂರಾರು ವರ್ಷ ನೀರಲ್ಲಿ ಉಜ್ಜಿ ಉಜ್ಜಿ ಕನ್ನಡಿ ಹಾಗೆ ಆಗಿದೆ. ಮೇಲೆ ಪಾಚಿ. ಅದರ ಮೇಲೆ ನೀರುನಾಯಿಗಳು ಮೀನು ತಿಂದು ಬಿಟ್ಟ ಜಿಡ್ಡು. ಮೊದಲು ಪಾಚಿ ಹೆರೆಯಬೇಕು, ಅಂಟುವಾಳದ ನೊರೆ ಹಾಕಿ ಜಿಡ್ಡು ತೊಳೀಬೇಕು. ಒರಟು ಕಲ್ಲು ತಗೊಂಡು ತರಿತರಿಯಾಗೋವರೆಗೂ ತಿಕ್ಕಬೇಕು. ಆಮೇಲೆ ಬಿಸಿಲಿಗೆ ಒಣಗಿಸಬೇಕು. ಇಷ್ಟಾದ ಮೇಲೆ ಬಣ್ಣ."

ಆಗ ನರಿ ಥಳಕಪ್ಪ ಬಾಲ ಕುಣಿಸುತ್ತ ಮುಂದೆ ಬಂದ. "ಅಲ್ಲ ಮುಳ್ಳಕ್ಕ, ಬಂಡೆಗೆ ಬಣ್ಣ ಹಚ್ಚೋಕೆ ಬಂಡೆಯನ್ನೇ ಕೆರೆಯೋದಾ? ಮದುಮಗಳಿಗೆ ಅರಿಶಿನ ಹಚ್ಚೋ ಮೊದಲು ಮುಖ ಪರಚಿದ ಹಾಗಾಯ್ತು! ಮಹಾಪ್ರಭು, ನನಗೆ ಅರ್ಧ ದಿನ ಸಾಕು."

ಸಭೆ ಗೊಳ್ಳೆಂದು ನಕ್ಕಿತು. ಅರ್ಧ ದಿನ ಎಂಬ ಮಾತು ಹುಲಿರಾಜನಿಗೆ ಬಹಳ ಹಿಡಿಸಿತು. ಕೆಲಸ ನರಿಯ ಪಾಲಾಯಿತು. ಮುಳ್ಳಕ್ಕ ಬಿಲಕ್ಕೆ ಹೋದಳು.

ಥಳಕಪ್ಪ ಕೆಮ್ಮಣ್ಣು, ಎಣ್ಣೆ, ಮರದ ರಾಳ ಕಲಸಿ ಕುದಿಸಿದ. ಬಂಡೆಯನ್ನು ಬಾಲದಿಂದ ಒಮ್ಮೆ ಸವರಿದ. ಅದೇ ಅವನ ಲೆಕ್ಕದಲ್ಲಿ ಶುಚಿ ಮಾಡಿದ್ದು. ಪಾಚಿಯ ಮೇಲೆಯೇ ದಪ್ಪಗೆ ಬಣ್ಣ ಬಳಿದ. ಸಂಜೆಯ ಬಿಸಿಲಿಗೆ ಗೆರೆ ಥಳಥಳ ಹೊಳೆಯಿತು. ಕಾಡಿಗೆ ಕಾಡೇ ದಡದಲ್ಲಿ ನಿಂತು ಆಹಾ ಎಂದಿತು. ಹುಲಿರಾಜ ನರಿಗೆ ಹಾರ ಹಾಕಿಸಿ 'ವರ್ಣಚತುರ' ಎಂಬ ಬಿರುದು ಕೊಟ್ಟ. ಕಾಗೆಯೊಂದು ಅದರ ಬಗ್ಗೆ ಭಾಷಣವನ್ನೂ ಮಾಡಿತು.

ಐದನೆಯ ದಿನ ಮಳೆ ಹಿಡಿಯಿತು. ನೀರು ಏರಿ ಗೆರೆ ಮುಳುಗಿತು. ಯಾರೂ ಹೊಳೆಗೆ ಇಳಿಯಲಿಲ್ಲ. "ನೋಡಿದಿರಾ ನನ್ನ ಗೆರೆಯ ಮಹಿಮೆ?" ಎಂದು ಥಳಕಪ್ಪ ಮೀಸೆ ತಿರುವಿದ.

ಎರಡು ದಿನದಲ್ಲಿ ಮಳೆ ನಿಂತಿತು. ನೀರು ಇಳಿಯಿತು. ಗೆರೆ ಮಾತ್ರ ಮೇಲೆ ಬರಲಿಲ್ಲ.

ಅದನ್ನು ಮೊದಲು ಕಂಡವನು ಥಳಕಪ್ಪನೇ. ಹಾವು ಪೊರೆ ಬಿಟ್ಟ ಹಾಗೆ ಬಂಡೆ ಬಣ್ಣವನ್ನು ಕಳಚಿ ನೀರಿಗೆ ಬಿಟ್ಟಿತ್ತು. ಆದರೆ ಬಿರುದು ಹೊತ್ತವನು ತಪ್ಪು ಒಪ್ಪಿಕೊಳ್ಳುವುದುಂಟೇ? ಅವನು ಸಭೆಗೆ ಹೋಗಿ ಗಂಭೀರವಾಗಿ ಹೇಳಿದ, "ಗೆರೆ ಇನ್ನೂ ಮುಳುಗಿದೆ, ಪ್ರಭು. ಯಾರೂ ದಾಟಬಾರದು."

"ಅಯ್ಯೋ, ನಾನು ಬಂಡೆಯ ಪಕ್ಕದಲ್ಲೇ ನಿಂತು ಬಂದೆ. ನೀರು ನನ್ನ ಮೊಣಕಾಲಿಗೂ ಬರಲಿಲ್ಲ!" ಎಂದಿತು ಬೆಳ್ಳಕ್ಕಿ.

"ನಿನ್ನ ಕಾಲು ಉದ್ದ," ಎಂದ ಥಳಕಪ್ಪ. "ಕಾಲು ನಂಬಬೇಕೋ, ಗೆರೆ ನಂಬಬೇಕೋ?"

"ಗೆರೆಯನ್ನೇ!" ಎಂದು ಸಭೆ ಒಕ್ಕೊರಲಿನಿಂದ ಕೂಗಿತು. ಗೆರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಅದರ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ದಿನಗಳು ಕಳೆದವು. ಈಚೆ ದಡದ ಹುಲ್ಲು ಬೇರಿನ ತನಕ ಮುಗಿಯಿತು. ಚುಕ್ಕವ್ವನ ಮೊಲೆಯಲ್ಲಿ ಹಾಲು ಬತ್ತಿತು. ಮರಿ ಒಣ ಮೊಲೆ ಚೀಪಿ ಚೀಪಿ ಸುಸ್ತಾಗಿ ಮಲಗುತ್ತಿತ್ತು. ಎದುರಿಗೇ ಹಸಿರು ಹುಲ್ಲು ಗಾಳಿಗೆ ತೂಗುತ್ತಿತ್ತು. ಒಮ್ಮೆ ಅವಳು ನೀರಿಗೆ ಕಾಲಿಟ್ಟಳು. ಹಿಂದಿನ ವರ್ಷದ ನೆನಪಾಯಿತು. ಕಾಲು ಹಿಂದಕ್ಕೆ ತೆಗೆದಳು.

ವಿಚಿತ್ರವೆಂದರೆ, ಇಡೀ ಕಾಡು ಬಡಕಲಾಗುತ್ತಿದ್ದಾಗ ಥಳಕಪ್ಪನ ಹೊಟ್ಟೆ ಮಾತ್ರ ದುಂಡಗಾಗುತ್ತಿತ್ತು. "ಚಿಂತೆಯಿಂದ ಊದಿಕೊಂಡಿದೆ," ಎನ್ನುತ್ತಿದ್ದ. ನಿಜ ಬೇರೆಯೇ ಇತ್ತು. ಎಲ್ಲರೂ ಮಧ್ಯಾಹ್ನ ಮರದಡಿ ತೂಕಡಿಸುವಾಗ ಅವನು ಮೆಲ್ಲಗೆ ಹೊಳೆ ದಾಟಿ, ಏಡಿ ಹಿಡಿದು, ನೇರಳೆ ಹಣ್ಣು ಮೆದ್ದು ಬರುತ್ತಿದ್ದ. ಆಳ ಎಷ್ಟೆಂದು ಅವನಿಗೆ ಗೊತ್ತಿತ್ತಲ್ಲ!

ಒಂದು ಮಧ್ಯಾಹ್ನ ದೂರದ ಬೆಟ್ಟದಲ್ಲಿ ಮೋಡ ಒಡೆದು ಮಳೆ ಸುರಿಯಿತು. ಇಲ್ಲಿ ಬಿಸಿಲೇ ಇತ್ತು. ಹೊಟ್ಟೆ ತುಂಬಿಸಿಕೊಂಡು ಥಳಕಪ್ಪ ಹಿಂದಿರುಗುತ್ತಿದ್ದ. ನೀರು ತುಸು ಕೆಂಪಾಗಿ, ತುಸು ಏರಿದ ಹಾಗಿತ್ತು. ಎಷ್ಟು ಏರಿದೆ? ಅಭ್ಯಾಸಬಲದಿಂದ ಬಂಡೆಯ ಕಡೆ ನೋಡಿದ. ಬಂಡೆ ಬರಿಯ ಬಂಡೆಯಾಗಿತ್ತು. 'ಇರಲಿ, ದಿನಾ ದಾಟುವ ಹೊಳೆ ತಾನೆ,' ಎಂದುಕೊಂಡು ಇಳಿದ.

ನಡುಹೊಳೆಯಲ್ಲಿ ಪ್ರವಾಹ ಬಂದೇ ಬಿಟ್ಟಿತು. ಥಳಕಪ್ಪ ಬಂಡೆಯ ಮೇಲೆ ಹಾರಿದ. ಉಗುರೂರಿದ. ಜಾರಿದ. ಮತ್ತೆ ಹತ್ತಿದ, ಮತ್ತೆ ಜಾರಿದ. ಬಣ್ಣಕ್ಕೆ ಹಿಡಿತ ಕೊಡದ ನುಣುಪು ಉಗುರಿಗೆ ಕೊಟ್ಟೀತೇ? "ಕಾಪಾಡಿ! ಕಾಪಾಡಿ!" ಎಂದು ಅರಚಿದ.

ಕಾಡೆಲ್ಲ ದಡಕ್ಕೆ ಓಡಿ ಬಂತು. ಹುಲಿರಾಜ ಬೆರಗಾಗಿ ಕೇಳಿದ, "ವರ್ಣಚತುರ! ಗೆರೆ ಮುಳುಗಿದೆ, ದಾಟಬೇಡಿ ಎಂದವನು ನೀನೇ. ಅಲ್ಲಿಗೆ ಹೇಗೆ ಹೋದೆ?"

"ಗೆರೆ ಎಲ್ಲಿದೆ ದೊರೆ! ಅದು ಕಿತ್ತುಹೋಗಿ ಹತ್ತು ದಿನವಾಯ್ತು! ಮೊದಲು ನನ್ನನ್ನು ಎಳೆದುಕೊಳ್ಳಿ!"

ಆನೆ ಗೌರಜ್ಜಿ ನೀರಿಗಿಳಿದಳು. ಬಂಡೆಯಿಂದ ಜಾರಿ ತೇಲಿ ಬರುತ್ತಿದ್ದ ನರಿಯನ್ನು ಸೊಂಡಿಲಿನಿಂದ ಹಿಡಿದು ಕೆಳಗಿನ ಬಿದಿರಮೆಳೆಯ ಬಳಿ ದಡಕ್ಕೆ ಹಾಕಿದಳು. ಅಲ್ಲಿ ಬಿದಿರಿನ ಬೇರಿಗೆ ಏನೋ ಕೆಂಪಗೆ ಸಿಕ್ಕಿಕೊಂಡಿತ್ತು. ಮುಳ್ಳಕ್ಕ ಅದನ್ನು ಬಿಡಿಸಿ ತಂದಳು. ಥಳಕಪ್ಪನ ಗೆರೆಯ ತುಂಡು! ಒಂದು ಕಡೆ ಇನ್ನೂ ಹೊಳೆಯುತ್ತಿತ್ತು. ತಿರುಗಿಸಿದರೆ ಹಿಂಬದಿ ತುಂಬ ಹಸಿರು.

"ಪಾಪ, ಬಣ್ಣದ್ದೇನೂ ತಪ್ಪಿಲ್ಲ," ಎಂದಳು ಮುಳ್ಳಕ್ಕ. "ಪಾಚಿಗೆ ಗಟ್ಟಿಯಾಗೇ ಅಂಟಿದೆ. ಪಾಚಿ ಬಂಡೆಗೆ ಅಂಟಿರಲಿಲ್ಲ, ಅಷ್ಟೆ."

ಚುಕ್ಕವ್ವ ನರಿಯ ಎದುರು ಬಂದು ನಿಂತಳು. "ಥಳಕಪ್ಪಣ್ಣ, ನನ್ನ ಮರಿ ಹಸಿದು ಅಳುವಾಗ ನೀನು ದಿನಾ ಆಚೆ ಹೋಗಿ ಉಂಡು ಬರ್ತಿದ್ದೆಯಾ?" ಎಂದಳು. ಸದಾ ಮಾತಿನ ಮಲ್ಲನಾಗಿದ್ದ ನರಿ ನೆಲ ನೋಡಿದ. ಹುಲಿರಾಜನೂ ತಲೆ ತಗ್ಗಿಸಿದ. ಬೆಳ್ಳಕ್ಕಿಯ ಮಾತನ್ನು ತಳ್ಳಿಹಾಕಿದ ಸಭೆಗೆ ಅವನೇ ಅಧ್ಯಕ್ಷನಾಗಿದ್ದನಲ್ಲ.

ನೀರು ಇಳಿದು ಬಿಸಿಲು ಬಂತು. ಗೌರಜ್ಜಿ ದಿನಾ ಬೆಳಗ್ಗೆ ಹೊಳೆಗಿಳಿದು ಆಳ ನೋಡಿ ಎಲ್ಲರನ್ನೂ ದಾಟಿಸಿದಳು. ಮುಳ್ಳಕ್ಕನ ಕೆಲಸ ಶುರುವಾಯಿತು. ತಿಕ್ಕುವ ಕೆಲಸಕ್ಕೆ ಥಳಕಪ್ಪನೇ ಆಳು. ಪಾಚಿ ಹೆರೆದ, ಅಂಟುವಾಳದ ನೊರೆ ಹಾಕಿ ತೊಳೆದ. ಮುಳ್ಳಕ್ಕ ಬಂಡೆಯ ಮೇಲೆ ನೀರು ಚಿಮುಕಿಸಿ ನೋಡಿದಳು. ನೀರು ಕೆಸುವಿನೆಲೆಯ ಮೇಲಿನ ಹಾಗೆ ಮಣಿಮಣಿಯಾಗಿ ನಿಂತಿತು. "ಜಿಡ್ಡು ಹೋಗಿಲ್ಲ. ಮತ್ತೆ ತೊಳಿ." ನಾಲ್ಕನೆಯ ಸಲ ನೀರು ಒಂದೇ ಸಮನೆ ಹರಡಿಕೊಂಡಿತು. "ಈಗ ಒರಟು ಕಲ್ಲು ತಗೊ," ಎಂದಳು. ನರಿಯ ಉಗುರುಗಳು ಸವೆದವು.

ದಡದಲ್ಲಿ ದಿನಾ ಗೊಣಗಾಟ. "ಇನ್ನೂ ತಿಕ್ಕುತ್ತಲೇ ಇದ್ದೀರಾ? ಬಣ್ಣ ಯಾವಾಗ?" ಎಂದು ಕಾಗೆ ಕೇಳಿತು.

"ಬಣ್ಣಕ್ಕೆ ಅರ್ಧ ದಿನ ಸಾಕು ಕಣಯ್ಯ!" ಎಂದು ಥಳಕಪ್ಪ ಸಿಡುಕಿದ. "ಕಷ್ಟವೆಲ್ಲ ಅದಕ್ಕೆ ಮೊದಲಿನದು!"

ಎಂಟನೆಯ ದಿನ ಒಣಗಿದ ಬಂಡೆಯ ಧೂಳು ಒರೆಸಿ, ಮೊದಲು ತೆಳ್ಳಗೆ ಒಂದು ಪದರ, ಅದು ಆರಿದ ಮೇಲೆ ಇನ್ನೊಂದು ಪದರ ಬಣ್ಣ ಬಳಿದರು. ಗೆರೆ ಅಷ್ಟೇನೂ ಹೊಳೆಯಲಿಲ್ಲ.

ಆ ಮಳೆಗಾಲದಲ್ಲಿ ಹೊಳೆ ಮೂರು ಸಲ ಉಕ್ಕಿ ಇಳಿಯಿತು. ಮೂರು ಸಲವೂ ಗೆರೆ ಮುಳುಗಿ ಮತ್ತೆ ಎದ್ದಿತು. ಚುಕ್ಕವ್ವ ಗೆರೆ ನೋಡಿಕೊಂಡು ಮರಿಯೊಡನೆ ದಾಟಿದಳು, ಮೇಯ್ದಳು, ಮರಳಿದಳು. ಒಂದು ಮರಿಯೂ ನೀರುಪಾಲಾಗಲಿಲ್ಲ. ಈ ವಿಷಯ ಯಾವ ಸಭೆಯಲ್ಲೂ ಬರಲಿಲ್ಲ. ನಡೆಯದೇ ಹೋದ ಅನಾಹುತಕ್ಕೆ ಚಪ್ಪಾಳೆ ತಟ್ಟುವ ಪದ್ಧತಿ ಆ ಕಾಡಿನಲ್ಲಿ ಇರಲಿಲ್ಲ.

ನೀತಿ: ತಳ ಹಸನಾಗದೆ ಹಚ್ಚಿದ ಬಣ್ಣ ಮೊದಲ ಮಳೆಗೇ ಕಳಚುತ್ತದೆ, ಅದನ್ನು ಮುಚ್ಚಿಡಲು ಹೇಳಿದ ಸುಳ್ಳು ಹೇಳಿದವನನ್ನೇ ಮುಳುಗಿಸುತ್ತದೆ.